ಬಾಗಿಲ ಕುರ್ಚಿ

'ನಿಮಗೆ ಬೇಗ ಸಿಟ್ಟು ಬರುತ್ತದೆಯೇ?' ಎಂದು ಕ್ಲಿನಿಕ್ಕಿನ ಮೇಡಂ ಕೈಯಲ್ಲಿದ್ದ ಹಾಳೆ ನೋಡಿ ಓದಿದಾಗ ಸಿಡುಕಿಗೆ ನಗು ಬಂದೇಬಿಟ್ಟಿತು. ಹೆತ್ತವರು ಇಟ್ಟ ಹೆಸರು ಯಾವ ಕಾಲಕ್ಕೋ ಸವೆದುಹೋಗಿ, ಮನೆಯ ಹೆಂಗಸರೆಲ್ಲ ಸೇರಿ ಅಂಟಿಸಿದ ಈ ಹೆಸರೇ ಗಟ್ಟಿಯಾಗಿ ನಿಂತಿತ್ತು. ಅಂಥವಳನ್ನು ಸಿಟ್ಟು ಬರುತ್ತದೆಯೇ ಎಂದು ಕೇಳುವುದೆಂದರೆ ಮೆಣಸಿನಕಾಯಿಯನ್ನು ನೀನು ಖಾರವಾ ಎಂದು ವಿಚಾರಿಸಿದ ಹಾಗೆ. ಆದರೆ ಇವತ್ತು ನಗುವಂತಿಲ್ಲ. ಪರದೆಯ ಆಚೆ ಬೆಂಚಿನ ಮೇಲೆ ಮನೆಯ ಹಿರಿಯಳಾದ ದೊಡ್ಡಕ್ಕ ಕೂತಿದ್ದಾಳೆ. ಪರದೆಯ ಅಂಚಿನ ಕೆಳಗೆ ಅವಳ ಊದಿದ ಪಾದಗಳು ಕಾಣುತ್ತಿವೆ, ಒಂದರ ಮೇಲೊಂದು ಏರಿ ಕಾಯುತ್ತಿವೆ. ಗೋಡೆಗೇ ಕಿವಿ ಇರುವಾಗ ಪರದೆಗೆ ಇರುವುದಿಲ್ಲವೇ. ಸಿಡುಕಿ ಬಾಯನ್ನು ಅಂಗೈಯಿಂದ ಒರೆಸಿಕೊಂಡು, 'ಮೊದಲು ಬರ್ತಿತ್ತು ಮೇಡಂ. ಈಗ ವಯಸ್ಸಾಯ್ತು ನೋಡಿ, ಆರಿಹೋಗಿದೆ' ಎಂದಳು. 'ಹೌದು ಇಲ್ಲ ಎರಡರಲ್ಲಿ ಒಂದು ಹೇಳಿದ್ರೆ ಸಾಕು' ಎಂದಳು ಮೇಡಂ, ಬೇಸರವಿಲ್ಲದ ದನಿಯಲ್ಲಿ. 'ಹಾಗಾದ್ರೆ ಇಲ್ಲ ಅಂತ ಹಾಕ್ಕೊಳ್ಳಿ.' ಮೇಡಂ ಹಾಕಿಕೊಂಡಳು.

ಆಗಬೇಕಾದದ್ದು ಇಷ್ಟೇ. ಈ ಹಾಳೆಯಲ್ಲಿ ಅವಳು ನೆಟ್ಟಗಿನ ಹೆಂಗಸು ಎಂದು ಬರಬೇಕು, ಅದನ್ನು ಮೇಡಂ ದೊಡ್ಡಕ್ಕನಿಗೆ ಹೇಳಬೇಕು, ದೊಡ್ಡಕ್ಕ ಅವಳಿಗೆ ಮತ್ತೆ ಕುರ್ಚಿ ಬಿಟ್ಟುಕೊಡಬೇಕು. ಕುರ್ಚಿ ಎಂದರೆ ಸಿಂಹಾಸನವೇನೂ ಅಲ್ಲ, ಒಂದು ಕೈ ಮುರಿದ, ಪ್ಲಾಸ್ಟಿಕ್ ದಾರ ಜೋತುಬಿದ್ದ ಹಳೆಯ ಕುರ್ಚಿ. ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಮಹಡಿಯಲ್ಲಿ ನಾಲ್ವರು ಹೆಂಗಸರು ಸೇರಿ ದಂಧೆ ನಡೆಸುವ ಮನೆ ಅವರದು. ನಡೆಸುತ್ತಿದ್ದ ಮುದುಕಿ ಸತ್ತ ಮೇಲೆ ಇನ್ನೊಬ್ಬಳು ಯಜಮಾನಿಯ ಉಸಾಬರಿ ಬೇಡವೆಂದು ತಾವು ತಾವೇ ಸಂಭಾಳಿಸಿಕೊಂಡಿದ್ದರು. ಮುದುಕಿಯ ಒಂದು ಪದ್ಧತಿಯನ್ನು ಮಾತ್ರ ಕೈಬಿಟ್ಟಿರಲಿಲ್ಲ. ಕಿರಿಯಳೊಬ್ಬಳನ್ನು ಬಿಟ್ಟು ಮಿಕ್ಕವರು ದಿನಕ್ಕೊಬ್ಬಳಂತೆ ಸರದಿಯಲ್ಲಿ ಮೆಟ್ಟಿಲ ತುದಿಯ ಆ ಕುರ್ಚಿಯಲ್ಲಿ ಕೂರಬೇಕು. ಬಂದ ಗಿರಾಕಿ ಎಷ್ಟು ದೊಡ್ಡ ಮನುಷ್ಯನೇ ಆಗಲಿ, ಚಪ್ಪಲಿಯೋ ಬೂಟೋ ಬಿಚ್ಚಿ ಅವಳ ಕೈಗೆ ಒಪ್ಪಿಸಿಯೇ ಒಳಗೆ ಹೋಗಬೇಕು. ಬರಿಗಾಲಿನ ಗಂಡಸಿಗೆ ಅರ್ಧ ಜಂಬ ಇಳಿದಿರುತ್ತದೆ ಎನ್ನುತ್ತಿದ್ದಳು ಮುದುಕಿ. ಒಳಗೆ ಏನಾದರೂ ಎಡವಟ್ಟಾದರೆ ಒಳಗಿನವಳು ಕೆಮ್ಮುತ್ತಾಳೆ. ಕೂಗುವಂತಿಲ್ಲ, ಕೂಗಿದರೆ ಕೆಳಗೆ ಪ್ರೆಸ್ಸಿನವರಿಗೆ ಕೇಳುತ್ತದೆ, ಮಾತು ಬೀದಿಗೆ ಬೀಳುತ್ತದೆ, ಖಾಲಿ ಮಾಡಿಸಲು ಕಾಯುತ್ತಿರುವ ಕಟ್ಟಡದ ಮಾಲೀಕನಿಗೆ ನೆಪ ಸಿಗುತ್ತದೆ. ಕೆಮ್ಮು ಕೇಳಿದ್ದೇ ಕುರ್ಚಿಯವಳು ನುಗ್ಗಬೇಕು. ಆದ್ದರಿಂದ ಕುರ್ಚಿಯ ದಿನ ಅವಳು ಒಂದು ಹನಿ ಎಣ್ಣೆಯನ್ನೂ ಬಾಯಿಗೆ ಸೋಕಿಸುವಂತಿಲ್ಲ. ಮಿಕ್ಕ ದಿನ ಎಷ್ಟಾದರೂ ಇಳಿಸಿಕೊಳ್ಳಲಿ, ಕೇಳುವವರಿಲ್ಲ. ಬಾಟಲಿಯ ಸಹಾಯವಿಲ್ಲದೆ ಒಳಕೋಣೆಗೆ ಹೋಗುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಸಿಡುಕಿಗೆ ಆ ಕುರ್ಚಿಯೆಂದರೆ ಪ್ರಾಣ. ಆ ಒಂದು ದಿನ ಯಾರೂ ಅವಳ ಮೈ ಮುಟ್ಟುವುದಿಲ್ಲ. ಆ ಒಂದು ದಿನ ಗಂಡಸರು ಅವಳೆದುರು ಬಗ್ಗುತ್ತಾರೆ, ಬೂಟಿನ ಲೇಸು ಬಿಚ್ಚುವಾಗ ಅವರ ನೆತ್ತಿಯ ಬೋಳು ಕಾಣುತ್ತದೆ, ಹರಿದ ಕಾಲುಚೀಲದಿಂದ ಹೆಬ್ಬೆರಳು ಇಣುಕುತ್ತದೆ. ಆಗ ಅವಳು ಏನೂ ಹೇಳದೆ ಆ ಹೆಬ್ಬೆರಳನ್ನು ನೋಡುತ್ತಾಳೆ, ಅಷ್ಟೇ. ಅವರು ಬೆರಳು ಮಡಿಚಿಕೊಳ್ಳುತ್ತಾರೆ. ಅದಕ್ಕಿಂತ ದೊಡ್ಡ ಸುಖ ಅವಳು ಈ ಊರಿನಲ್ಲಿ ಕಂಡಿರಲಿಲ್ಲ. ಹೋದ ತಿಂಗಳು ಅವಳದೇ ಸರದಿಯ ಒಂದು ಮಧ್ಯಾಹ್ನ ಅದನ್ನು ಅವಳೇ ಕೈಯಾರೆ ಕಳೆದುಕೊಂಡಿದ್ದಳು. ಏಕೆ ಕುಡಿದೆ ಎಂದು ಎಲ್ಲರೂ ಕೇಳಿದರು. ಕಾರಣ ಇದ್ದಿದ್ದರೆ ಹೇಳುತ್ತಿದ್ದಳು. ಯಾರೂ ಸತ್ತಿರಲಿಲ್ಲ, ಯಾರೂ ಬೈದಿರಲಿಲ್ಲ. ಸೆಕೆಯಿತ್ತು, ಬಾಯಿ ಒಣಗಿತ್ತು, ಬಾಟಲಿ ಕೈಗೆಟಕುವ ಹಾಗಿತ್ತು. ಕೆಳಗೆ ಯಂತ್ರ ಒಂದೇ ಸಮನೆ ದಡಬಡ ಎನ್ನುತ್ತಿತ್ತು. ಕೆಮ್ಮು ಕೇಳಿತು, ಎದ್ದಳು, ನುಗ್ಗಿದಳು, ಒಳಗಿದ್ದ ಗಿರಾಕಿಯ ಬೆನ್ನಿಗೆ ಅವನ ಬೂಟಿನಿಂದಲೇ ನಾಲ್ಕು ಬಿಟ್ಟು ಮೆಟ್ಟಿಲಿಳಿಸಿದಳು. ಅಷ್ಟರಲ್ಲಿ ಮನೆಯ ಕಿರಿಯಳು ಕಿಲಕಿಲನ ಮುಂದಿನ ಹಲ್ಲು ಹೋಗಿತ್ತು. ಮಾತಿಗೆ ಮೊದಲು ನಗುತ್ತಿದ್ದ, ಎರಡು ಮಕ್ಕಳನ್ನು ಗಂಡನ ಮನೆಯಲ್ಲಿ ಬಿಟ್ಟು ಬಂದೂ ನಗುತ್ತಿದ್ದ ಹೆಂಗಸು, ಅದಕ್ಕೇ ಆ ಅಡ್ಡಹೆಸರು. ಈಗ ನಗು ಬಂದರೆ ತುಟಿ ಕಚ್ಚಿ ಹಿಡಿಯುತ್ತಾಳೆ. 'ನಿಂದೇನೂ ತಪ್ಪಿಲ್ಲ ಅಕ್ಕ, ನೀನು ಬೇಗ ಬಂದೆ' ಎಂದು ಅವಳೇ ಎಲ್ಲರೆದುರು ಹೇಳಿದಳು. ಆ ಮಾತೇ ಸಿಡುಕಿಯ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಕೇಳಿದ ಕೆಮ್ಮು ಮೊದಲನೆಯದೋ ಅಲ್ಲವೋ, ಅವಳಿಗೆ ಗೊತ್ತಿರಲಿಲ್ಲ. ಮಲಗಿದರೆ ಕೆಮ್ಮು ಕೇಳಿಸುತ್ತಿತ್ತು, ಎದ್ದು ಕೂತರೆ ನಲ್ಲಿಯ ಸದ್ದು. ಯಂತ್ರ ನುಂಗಿತೋ ಎಣ್ಣೆ ನುಂಗಿತೋ, ಯಾರನ್ನು ಕೇಳುವುದು.

'ಜನರ ಜೊತೆ ಬೆರೆಯುವುದು ನಿಮಗೆ ಇಷ್ಟವೇ?' ಸಿಡುಕಿ ಮೇಡಂನ ಮುಖ ನೋಡಿದಳು. ಇದೊಂದು ವಿದ್ಯೆ ಅವಳಿಗೆ ಚೆನ್ನಾಗಿ ಬರುತ್ತಿತ್ತು. ಎದುರಿನವರಿಗೆ ಯಾವ ಉತ್ತರ ಬೇಕು ಎಂಬುದು ಅವರ ಹುಬ್ಬಿನಲ್ಲೋ ಗಂಟಲಿನಲ್ಲೋ ಮೊದಲೇ ಬಂದು ನಿಂತಿರುತ್ತದೆ, ಅದನ್ನು ತೆಗೆದು ಅವರ ಕೈಗೇ ಕೊಟ್ಟರಾಯಿತು. ಗಂಡಸರಿಗೆ ಇಷ್ಟು ವರ್ಷ ಕೊಟ್ಟುಕೊಂಡು ಬಂದದ್ದೂ ಅದನ್ನೇ. ಈ ಮೇಡಂ ಒಳ್ಳೆಯವಳು, ಗದರುವವಳಲ್ಲ; ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು, ಕುಪ್ಪಸದ ಭುಜದ ಮೇಲೆ ಎಳೆಗೂಸು ಕಕ್ಕಿದ ಹಾಲಿನ ಕಲೆ. ಇವಳಿಗೆ ಬೇಗ ಮುಗಿದರೆ ಸಾಕು, ಜೊತೆಗೆ ತನ್ನಿಂದ ಯಾರಿಗೋ ಒಳ್ಳೆಯದಾಯಿತು ಎನ್ನಿಸಿದರೆ ಇನ್ನೂ ಸಾಕು. 'ಇಷ್ಟ ಮೇಡಂ.' 'ಬೇಸರವಾದಾಗ ಏನನ್ನಾದರೂ ಒಡೆಯಬೇಕು ಅನ್ನಿಸುತ್ತದೆಯೇ?' 'ಅಯ್ಯೋ, ಒಡೆದ್ರೆ ಗುಡಿಸೋರು ಯಾರು?' ಮೇಡಂ ನಕ್ಕಳು, ಇಲ್ಲ ಎಂದು ಹಾಕಿದಳು. 'ಯೋಚಿಸದೆ ಕೆಲಸ ಮಾಡಿ ಆಮೇಲೆ ಪಶ್ಚಾತ್ತಾಪ ಪಟ್ಟದ್ದುಂಟೇ?' ಪರದೆಯ ಕೆಳಗಿನ ಪಾದಗಳು ಒಂದರ ಮೇಲಿಂದೊಂದು ಇಳಿದು ಜೋಡಿಯಾಗಿ ನಿಂತವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳಬಾರದು. ಸಿಡುಕಿ ಹೆಗಲನ್ನು ಇದ್ದಲ್ಲೇ ಇಟ್ಟುಕೊಂಡು, 'ಯಾರಿಗಿಲ್ಲ ಮೇಡಂ, ಎಲ್ಲರಿಗೂ ಇರೋಷ್ಟು' ಎಂದಳು. ಅಡ್ಡಗೋಡೆಯ ಮೇಲೆ ದೀಪ ಇಡುವುದಕ್ಕೂ ಆ ಹಾಳೆಯಲ್ಲಿ ಒಂದು ಖಾನೆ ಇತ್ತು, 'ಕೆಲವೊಮ್ಮೆ' ಎಂದು. ಮೇಡಂ ಅಲ್ಲಿ ಗುರುತು ಮಾಡಿದಳು.

'ಮನೆಯಲ್ಲಿ ಯಾರಾದರೂ ಕುಡಿಯುತ್ತಿದ್ದರೇ?' ಎಂಬುದಕ್ಕೆ ಸುಳ್ಳು ಹೇಳಬೇಕೆಂದು ಅನ್ನಿಸಲಿಲ್ಲ, ಅಪ್ಪ ಎಂದಳು. ಅಪ್ಪ ಲಾರಿ ಶೆಡ್ಡಿನಿಂದ ಬರುವ ಹೊತ್ತಿಗೆ ಅಮ್ಮ ಒಲೆಯ ಮುಂದಿನಿಂದ ಏಳದೆಯೇ, 'ಹೋಗಿ ತಬ್ಬಿಕೊಂಡು ವಾಸನೆ ನೋಡ್ಕೊಂಡು ಬಾ' ಎಂದು ಅವಳನ್ನು ಕಳಿಸುತ್ತಿದ್ದಳು. ತಮ್ಮ ಚಿಕ್ಕವನು, ಅವನಿಗೆ ವಾಸನೆ ತಿಳಿಯದು. ಅವಳು ಓಡಿಹೋಗಿ ಅಪ್ಪನ ಕುತ್ತಿಗೆಗೆ ಜೋತುಬೀಳುವಳು. ಗ್ರೀಸು, ಬೆವರು, ಬೀಡಿ, ಅವುಗಳ ಹಿಂದೆ ಅಡಗಿ ಕೂತ ಆ ಹುಳಿ. ಅಪ್ಪನಿಗೆ ಗೊತ್ತಿತ್ತೋ ಏನೋ, ಉಸಿರು ಬಿಗಿಹಿಡಿದು ಎತ್ತಿಕೊಳ್ಳುತ್ತಿದ್ದ. ತಬ್ಬುವುದು ಬೇಹುಗಾರಿಕೆ ಎಂದು ಆಗಲೇ ಕಲಿತದ್ದು. ಒಳಗೆ ಬಂದು 'ಇಲ್ಲಮ್ಮ, ಏನೂ ಇಲ್ಲ' ಎಂದರೆ ಆ ಸಂಜೆ ಮನೆ ತಣ್ಣಗಿರುತ್ತಿತ್ತು, ತಮ್ಮ ಹೆದರದೆ ಉಣ್ಣುತ್ತಿದ್ದ. ಸುಳ್ಳಿನಿಂದ ಅನ್ನ ಬೇಯುತ್ತದೆ ಎನ್ನುವುದು ಅವಳಿಗೆ ಅಂದೇ ಗೊತ್ತಾಗಿಹೋಯಿತು. ಈಗ ದೊಡ್ಡಕ್ಕ ದಿನಾ ಬೆಳಿಗ್ಗೆ ಅವಳ ಗಲ್ಲ ಹಿಡಿದು 'ಬಾಯಿ ಬಿಡು, ಊದು' ಎನ್ನುತ್ತಾಳೆ, ದನ ಕೊಳ್ಳುವವರು ಹಲ್ಲು ನೋಡುವ ಹಾಗೆ. ಅವಳು ಊದುತ್ತಾಳೆ. ಊದುವಾಗ ಅಪ್ಪನ ಬಿಗಿಹಿಡಿದ ಉಸಿರು ನೆನಪಾಗುತ್ತದೆ, ಸತ್ತವನ ಮೇಲೆ ಈ ವಯಸ್ಸಿನಲ್ಲಿ ಕನಿಕರ ಹುಟ್ಟುತ್ತದೆ. 'ಹುಟ್ಟುಗುಣ ಸುಟ್ಟರೂ ಹೋಗಲ್ಲ, ನಿಂದು ಅಪ್ಪನ ಬಾಯಿ' ಎಂದು ಅಮ್ಮ ಈಗಲೂ ಫೋನಿನಲ್ಲಿ ಹೇಳುವುದುಂಟು, ತಮ್ಮನ ಹೆಂಡತಿ ಪಕ್ಕದಲ್ಲಿಲ್ಲದಾಗ. ತಮ್ಮನ ಹೆಂಡತಿಯ ಲೆಕ್ಕದಲ್ಲಿ ಅವಳು ಬಟ್ಟೆ ಕಾರ್ಖಾನೆಯ ಸೂಪರ್‌ವೈಸರು. ಇರಲಿ, ಕುರ್ಚಿಯ ದಿನ ಅದೂ ಸುಳ್ಳಲ್ಲ.

'ಅಪ್ಪ ಅಂದ್ರಲ್ಲ, ಬೇಜಾರಾಯ್ತಾ? ಸ್ವಲ್ಪ ನೀರು ಕುಡೀತೀರಾ?' ಎಂದು ಮೇಡಂ ಕೇಳಿದಳು. ಅದು ಹಾಳೆಯಲ್ಲಿ ಇರದ ಪ್ರಶ್ನೆ. ಸಿಡುಕಿಗೆ ಒಂದು ಗಳಿಗೆ, ಈ ಹೆಂಗಸಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡಲೇ ಎನ್ನಿಸಿತು. ಆದರೆ ಇವಳಿಗೆ ಹೇಳಿದರೆ ಆಗುವುದೇನು. ಇವಳು ಬರೆದುಕೊಳ್ಳುತ್ತಾಳೆ, ಸಂಜೆ ಮಗುವಿಗೆ ಹಾಲೂಡಿಸುವಾಗ ಒಮ್ಮೆ ನೆನೆದು ನಿಟ್ಟುಸಿರು ಬಿಡುತ್ತಾಳೆ. ಕುರ್ಚಿ ಮಾತ್ರ ಹೋಗುತ್ತದೆ. 'ಕೊನೇದು' ಎಂದಳು ಮೇಡಂ. 'ನಿಮ್ಮ ಕುಡಿತದಿಂದ ಬೇರೆಯವರಿಗೆ ಪೆಟ್ಟು, ನೋವು ಆದದ್ದುಂಟೇ?' ಕೋಣೆಯ ಫ್ಯಾನು ಕಿರ್ರೆನ್ನುತ್ತಿತ್ತು. ಗೋಡೆಯ ಮೇಲೆ ಕೈ ತೊಳೆಯುವ ಬಗೆಯನ್ನು ತೋರಿಸುವ ಚಿತ್ರ, ಅದರಲ್ಲಿ ಎರಡು ಕೈ ಮಾತ್ರ ಇದ್ದವು, ಮನುಷ್ಯರಿರಲಿಲ್ಲ. 'ಇಲ್ಲ' ಎಂದಳು ಸಿಡುಕಿ. ದನಿ ನಡುಗಲಿಲ್ಲ. ಗಿರಾಕಿಯ ಕಿವಿಯಲ್ಲಿ 'ನಿನ್ನ ಹಾಗೆ ಯಾರೂ ಇಲ್ಲ' ಎನ್ನುವಾಗ ಬರುವ ದನಿಯೇ ಬಂತು, ಬೆಣ್ಣೆಯಂಥದ್ದು.

ದೊಡ್ಡಕ್ಕನನ್ನು ಒಳಗೆ ಕರೆದರು. ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳುವಂತಿಲ್ಲ ಎಂದು ಮೇಡಂ ಹಿಂದೆಗೆದಳು. 'ಹೇಳಿ ಮೇಡಂ, ನನ್ನದೇನು ಮುಚ್ಚುಮರೆ' ಎಂದು ಸಿಡುಕಿಯೇ ಒಪ್ಪಿಗೆ ಕೊಟ್ಟಳು. ಆಮೇಲೆ ಅವರಿಬ್ಬರೂ ಅವಳ ತಲೆಯ ಮೇಲಿಂದ ಮಾತಾಡಿಕೊಂಡರು, ಅವಳು ಮೇಜಿನ ಮೇಲಿಟ್ಟ ಪಾತ್ರೆ ಎನ್ನುವ ಹಾಗೆ. 'ಹಾಗಾದ್ರೆ ಇವಳ ಸ್ವಭಾವ ಸರಿ ಇದೆ ಅಂತೀರಾ?' 'ಸರಿ, ತಪ್ಪು ಅಂತೆಲ್ಲ ಇದ್ರಲ್ಲಿ ಬರಲ್ಲ. ಆತುರದ ಸ್ವಭಾವ ಕಡಿಮೆ, ಸಮಾಧಾನ ಇದೆ. ಕುಡಿತ ಹಿಡಿತದಲ್ಲಿದೆ ಅನ್ಸತ್ತೆ.' 'ಜವಾಬ್ದಾರಿ ಕೊಡಬಹುದಾ?' 'ಇವ್ರು ಹೇಳಿರೋದನ್ನ ನೋಡಿದ್ರೆ ಯಾಕೆ ಕೊಡಬಾರದು' ಎಂದಳು ಮೇಡಂ. ದೊಡ್ಡಕ್ಕನಿಗೆ 'ಇವ್ರು ಹೇಳಿರೋದನ್ನ ನೋಡಿದ್ರೆ' ಎನ್ನುವುದು ಕೇಳಿಸಲಿಲ್ಲ, ಉಳಿದದ್ದು ಕೇಳಿಸಿತು. ಓದಿದವರ ಮಾತು ಎಂದರೆ ಅವಳಿಗೆ ಅಷ್ಟೊಂದು ನಂಬಿಕೆ. ಎದ್ದು ನಿಂತು ಸಿಡುಕಿಯ ಬೆನ್ನು ಸವರಿದಳು. ಅಷ್ಟು ದಿನ ಗಲ್ಲ ಹಿಡಿದ ಕೈ ಅದು. ಸಿಡುಕಿಗೆ ಮೈಯೆಲ್ಲ ಉರಿದುಹೋಯಿತು.

ಮನೆಯ ದಾರಿಯುದ್ದಕ್ಕೂ ದೊಡ್ಡಕ್ಕ ಮಾತಾಡುತ್ತಲೇ ಬಂದಳು. ಇವತ್ತು ನನ್ನ ಸರದಿ, ಆದರೂ ಇವತ್ತಿಂದಲೇ ನೀನು ಕೂತುಕೋ, ನನ್ನ ಕಾಲು ನೋಡು ಹೇಗೆ ಊದಿದೆ, ನಿನಗೆ ಕಷ್ಟ ಕೊಡಬೇಕು ಅಂತ ಅಲ್ಲ ಕಣೇ, ನಾಲ್ಕು ಜನರ ಜೀವದ ಪ್ರಶ್ನೆ. ಸಿಡುಕಿ ಹ್ಞೂಂಗುಟ್ಟುತ್ತಿದ್ದಳು. ಗೆದ್ದಿದ್ದಳು. ಗೆದ್ದವರಿಗೆ ಹೀಗೆ ಬಾಯೆಲ್ಲ ಕಹಿಯಾಗುತ್ತದೆಯೇ. ಸೈಕಲ್ ಅಂಗಡಿ, ಔಷಧಿ ಅಂಗಡಿ, ಅದರ ಪಕ್ಕದಲ್ಲಿ ಕಬ್ಬಿಣದ ಸರಳಿನ ಹಿಂದೆ ವೈನ್ ಶಾಪು. ಅಲ್ಲಿಯವನು ಅವಳನ್ನು ನೋಡಿ ಎಂದಿನಂತೆ ಬಾಟಲಿಗೆ ಕೈ ಹಾಕಿದ, ದೊಡ್ಡಕ್ಕನನ್ನು ನೋಡಿ ಕೈ ಹಿಂದಕ್ಕೆ ತೆಗೆದ. ಅವನಿಗೂ ಗೊತ್ತಿದೆ. ಇಡೀ ಬೀದಿಗೆ ಅವಳ ಗಂಟಲಿನ ಸಮಾಚಾರ ಗೊತ್ತು, ಆ ಹಾಳೆಗೆ ಮಾತ್ರ ಗೊತ್ತಿಲ್ಲ. ಹಾಳೆಯಲ್ಲಿ ಬಂದ ಆ ಸಮಾಧಾನದ ಹೆಂಗಸು ಯಾರು? ಸಿಟ್ಟೇ ಬಾರದ, ಏನೂ ಒಡೆಯದ, ಯಾರಿಗೂ ನೋವು ಮಾಡದ ಆ ಮಹಾತಾಯಿಯನ್ನು ಕುರ್ಚಿಯಲ್ಲಿ ಕೂರಿಸಿದರೆ ಗಂಡಸರು ಅವಳ ತಲೆಯ ಮೇಲೇ ಚಪ್ಪಲಿ ಇಟ್ಟು ಹೋದಾರು. ತನ್ನ ಸಿಟ್ಟನ್ನು ತಾನೇ ಇಲ್ಲವೆಂದು ಹೇಳಿ ಬಂದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಬದುಕಿನಲ್ಲಿ ಅವಳದೇ ಎನ್ನುವ ಒಂದು ಆಸ್ತಿ ಇದ್ದರೆ ಅದು ಸಿಟ್ಟು. ಗಂಡ ಹೊಡೆದಾಗ ಎದ್ದು ಬಂದದ್ದು ಸಿಟ್ಟಿನಿಂದ, ಮುದುಕಿ ಸತ್ತಾಗ ಹೊಸ ಯಜಮಾನಿಯಾಗಲು ಬಂದವಳನ್ನು ಮೆಟ್ಟಿಲಿನಿಂದಲೇ ಅಟ್ಟಿದ್ದು ಸಿಟ್ಟಿನಿಂದ. ಎಣ್ಣೆಯಾದರೂ ಸಂಜೆಗೆ ಇಳಿಯುತ್ತದೆ, ಇದು ಇಳಿದದ್ದೇ ಇಲ್ಲ.

ಮೇಲೆ ಹೋದಾಗ ಕಿಲಕಿಲ ಕುರ್ಚಿಯ ಪಕ್ಕದ ನೆಲದ ಮೇಲೆ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಒಳಗೆಲ್ಲೋ ನಾಲ್ಕನೆಯವಳು ಗುಮ್ಮಿ, ಹೆಸರಿಗೆ ತಕ್ಕಂತೆ ಮಾತಿಲ್ಲದೆ, ಬಟ್ಟೆ ಹಿಂಡುತ್ತಿದ್ದಳು. ದೊಡ್ಡಕ್ಕ ಗೋಡೆ ಹಿಡಿದು ದಮ್ಮು ಬಿಡುತ್ತಾ ಹೇಳಿದಳು, ಎಲ್ಲ ಸರಿಹೋಯಿತು, ಮೇಡಂ ಪರೀಕ್ಷೆ ಮಾಡಿದರು, ಇವಳ ಸ್ವಭಾವದಲ್ಲಿ ಐಬಿಲ್ಲವಂತೆ, ಇವತ್ತಿಂದ ಕುರ್ಚಿಗೆ ಇವಳೂ. ಸಿಡುಕಿ ಹೋಗಿ ಕೂತಳು. ಕುರ್ಚಿಯ ದಾರ ಅದೇ ಹಳೆಯ ಜಾಗದಲ್ಲಿ ತೊಡೆಗೆ ಒತ್ತಿತು. ಆ ಒತ್ತು ಎಷ್ಟು ಹಿತವಾಗಿತ್ತೆಂದರೆ ದಾರಿಯುದ್ದಕ್ಕೂ ಬಂದ ಕಹಿ ಒಂದು ಕ್ಷಣ ಮರೆತೇಹೋಯಿತು. ಆಗ ಕಿಲಕಿಲ ಬಣ್ಣದ ಸೀಸೆಯ ಮುಚ್ಚಳ ತಿರುವಿ ಪಕ್ಕಕ್ಕಿಟ್ಟು, ತಲೆ ಎತ್ತದೆ, 'ಹಾಗಾದ್ರೆ ನಾನು ಒಳಗೆ ಹೋಗಲ್ಲ' ಎಂದಳು.

'ಯಾಕೆ, ಹುಷಾರಿಲ್ವಾ?' ಎಂದಳು ದೊಡ್ಡಕ್ಕ.

'ಹುಷಾರಾಗೇ ಇದೀನಿ. ಅವಳು ಕೂತಿರೋ ದಿನ ಹೋಗಲ್ಲ.'

'ಏನೇ ಇದು? ಬೇಗ ಬಂದ್ಲು, ತಪ್ಪಿಲ್ಲ ಅಂತ ನೀನೇ ಹೇಳಿದ್ದೆ!'

'ಹೇಳಿದ್ದೆ.' ಕಿಲಕಿಲ ಈಗ ತಲೆ ಎತ್ತಿ ಸಿಡುಕಿಯನ್ನೇ ನೋಡಿದಳು. 'ನಿನ್ನ ಮುಖ ನೋಡೋಕಾಗ್ದೆ ಹೇಳಿದ್ದೆ ಅಕ್ಕ. ನೀನು ಬೇಗ ಬರಲಿಲ್ಲ. ಕೆಮ್ಮಿದೆ. ಮತ್ತೆ ಕೆಮ್ಮಿದೆ. ಅವನಿಗೇ ಅನುಮಾನ ಬಂದು, ಏನೇ ನಿಂಗೆ ಕ್ಷಯ ಇದೆಯಾ ಅಂತ ಕೇಳ್ದ. ಆಮೇಲೆ ಬಾಯೆಲ್ಲ ರಕ್ತ ಆಯ್ತು, ಕೆಮ್ಮೋಕೆ ಹೋದ್ರೆ ಗಂಟಲಿಗೆ ಇಳೀತಿತ್ತು. ಆಗ ಬಂದೆ ನೀನು.'

ಅವಳು ತುಟಿ ಕಚ್ಚಿ ಹಿಡಿದಿರಲಿಲ್ಲ. ಮುಂದಿನ ಹಲ್ಲಿನ ಜಾಗ ಖಾಲಿಯಾಗಿ, ಕಪ್ಪಗೆ, ಎಲ್ಲರಿಗೂ ಕಾಣುವ ಹಾಗೆ ತೆರೆದುಕೊಂಡಿತ್ತು. ಸಿಡುಕಿಗೆ ಮೊದಲು ಬಂದದ್ದು ಸಿಟ್ಟೇ. ಬಾಯ ತುದಿಗೆ ಏನೇನೋ ಬಂದು ನಿಂತವು: ಕೈಯಲ್ಲೊಂದು ಚೀಲ ಹಿಡಿದು ಅಳುತ್ತಾ ಬಂದವಳಿಗೆ ಈ ಮನೆಯ ಬಾಗಿಲು ತೆರೆದವಳು ಯಾರು, ಜ್ವರದಲ್ಲಿ ಮಲಗಿದಾಗ ನಿನ್ನ ಪಾಲಿನ ಗಿರಾಕಿಗಳನ್ನು ಅಟ್ಟಿ ನಿನ್ನ ತಲೆ ಒತ್ತಿದವಳು ಯಾರು, ಇಷ್ಟು ದಿನ ನಾಟಕ ಆಡಿ ಈಗ ಕುರ್ಚಿಗೆ ಕೂತ ಮೇಲೆ ಮಾನ ಕಳೆಯುತ್ತೀಯಲ್ಲ. ಅವು ಹಾಗೇ ನಿಂತಿದ್ದವು, ಹೊರಗೆ ಬರಲಿಲ್ಲ. ಅವುಗಳ ಹಿಂದೆ ನಾಚಿಕೆ ಇತ್ತು, ಕಿವಿಯವರೆಗೂ ಬಿಸಿಯಾಗುವಷ್ಟು. ನಾಚಿಕೆಯ ಹಿಂದೆ, ಅವಳಿಗೇ ಅಚ್ಚರಿಯಾಗುವ ಹಾಗೆ, ಒಂದು ನಿರಾಳ. ಹೋದ ತಿಂಗಳಿಂದ ಮಲಗಿದಲ್ಲಿ ಎದ್ದಲ್ಲಿ ಲೆಕ್ಕ ಹಾಕುತ್ತಿದ್ದ ಕೆಮ್ಮಿಗೆ ಈಗ ಉತ್ತರ ಸಿಕ್ಕಿತ್ತು. ಅಷ್ಟು ಸಲದ ಕೆಮ್ಮನ್ನು ಯಂತ್ರ ನುಂಗಲಾರದು, ಎಣ್ಣೆಯೇ ನುಂಗಿದ್ದು. ಸರಿ. ನುಂಗಿದ್ದೇ ಹೌದು ಎಂದ ಮೇಲೆ ಅದರ ಮುಖ ನೋಡಬಹುದು. ಅನುಮಾನಕ್ಕೆ ಮುಖವೇ ಇರುವುದಿಲ್ಲ. ಜೊತೆಗೆ, ಎರಡು ಮಕ್ಕಳನ್ನು ಬಿಟ್ಟು ಬಂದಾಗಲೂ, ಹಲ್ಲು ಹೋದಾಗಲೂ ಎಲ್ಲರ ಮನಸ್ಸು ಕಾಯಲು ಹೋದ ಈ ಹೆಂಗಸು ಮೊದಲ ಸಲ ಯಾರ ಮನಸ್ಸನ್ನೂ ಕಾಯದೆ 'ಹೋಗಲ್ಲ' ಎಂದಿದ್ದಾಳೆ. ತನ್ನ ಮುಖದ ಮೇಲೇ ಎಂದಿದ್ದಾಳೆ. ಭೇಷ್ ಎನ್ನಿಸಿತು. ಹೊಡೆಯಬೇಕೆಂದೂ ಅನ್ನಿಸಿತು.

'ಆದ್ರೆ ಮೇಡಂ ಹೇಳಿದ್ದಾರಲ್ಲೇ' ಎಂದಳು ದೊಡ್ಡಕ್ಕ, ಅವಳಿಗೆ ಕಾಲಡಿಯ ನೆಲವೇ ಜಾರಿದ ಹಾಗಾಗಿತ್ತು.

'ಮೇಡಂ ಹೋಗ್ತಾಳಾ ಒಳಗೆ?' ಎಂದಳು ಕಿಲಕಿಲ.

ಒಳಗೆ ಬಟ್ಟೆ ಹಿಂಡುವ ಸದ್ದು ನಿಂತುಹೋಯಿತು. ಸಿಡುಕಿಗೆ ನಗು ಬಂತು, ಈ ಸಲ ತಡೆಯಲಿಲ್ಲ. ಹೊಟ್ಟೆಯಿಂದ ಬಂದ ಆ ನಗುವಿಗೆ ಕುರ್ಚಿಯೇ ಅಲುಗಾಡಿತು. 'ಮೇಡಂಗೆ ನಾನು ಹೇಳಿದ್ದೆಲ್ಲ ಸುಳ್ಳು ದೊಡ್ಡಕ್ಕ' ಎಂದಳು. 'ಸಿಟ್ಟು ಬರಲ್ಲ ಅಂದೆ. ನಂಬಿಬಿಟ್ರು ಪಾಪ. ನೀನೂ ನಂಬಿಬಿಟ್ಟೆ, ಇಷ್ಟು ವರ್ಷ ನನ್ನ ಕೈಲಿ ಬೈಸ್ಕೊಂಡೋಳು.' ದೊಡ್ಡಕ್ಕ ಬಾಯಿ ತೆರೆದಾಗ ಸಿಡುಕಿ ಕೈ ಅಡ್ಡ ಹಿಡಿದಳು. 'ತಾಳು. ನಾಳೆಯಿಂದ ನನ್ನ ಬಾಯಿ ಮೂಸೋಕೆ ಬರಬೇಡ. ಮೂಸೋದಾದ್ರೆ ನಾಲ್ಕು ಜನರದ್ದೂ ಮೂಸೋಣ, ನಿನ್ನಿಂದಲೇ ಶುರುವಾಗ್ಲಿ. ಕುಡಿದೆ, ತಡ ಮಾಡಿದೆ, ಇವಳ ಹಲ್ಲು ಹೋಯ್ತು. ಅದಕ್ಕೆ ಇವಳು ನನ್ನನ್ನ ಏನು ಬೇಕಾದ್ರೂ ಕೇಳಲಿ. ನೀನಲ್ಲ, ಆ ಹಾಳೆ ಅಲ್ಲ.' ಅವಳು ಎದ್ದು ನಿಂತಳು. ಬಿಟ್ಟುಕೊಡುವುದು ಅಷ್ಟು ಸುಲಭವಾಗಿರಲಿಲ್ಲ. 'ಕೂತ್ಕೋ' ಎಂದಳು ಕಿಲಕಿಲನಿಗೆ.

'ನಾನಾ?'

'ಕಿರಿಯಳು ಕೂರೋ ಪದ್ಧತಿ ಇಲ್ಲ' ಎಂದಳು ದೊಡ್ಡಕ್ಕ. 'ಇವಳ ಕೈಗೆ ಯಾವ ಗಂಡಸು ಚಪ್ಪಲಿ ಕೊಡ್ತಾನೆ? ನೋಡಿ ನಕ್ಕು ಒಳಗೆ ಹೋಗ್ತಾನೆ ಅಷ್ಟೆ.'

'ಕೊಡದಿದ್ರೆ ಬಂದ ದಾರೀಲಿ ಇಳೀಲಿ' ಎಂದಳು ಸಿಡುಕಿ. 'ಇವತ್ತು ಒಳಗೆ ಹೋಗೋಳು ನಾನು. ನನಗೆ ಯಾರು ಕೂತಿರಬೇಕು ಅಂತ ನಾನು ಹೇಳ್ತೀನಿ. ಇವಳು ಈಗ ಹೇಳಿದ್ಲಲ್ಲ, ಹಾಗೇ.'

ದೊಡ್ಡಕ್ಕ ಎಲ್ಲರನ್ನೂ ಒಮ್ಮೆ ನೋಡಿದಳು. ಗುಮ್ಮಿ ಒದ್ದೆ ಕೈಯಲ್ಲಿ ಬಾಗಿಲಿಗೆ ಬಂದು ನಿಂತು, 'ಕೂರಲಿ ಬಿಡು' ಎಂದಳು. ಆ ವಾರವೆಲ್ಲ ಅವಳು ಆಡಿದ ಮಾತು ಬಹುಶಃ ಅದೊಂದೇ. ಕಿಲಕಿಲ ಹಸಿ ಬಣ್ಣದ ಉಗುರುಗಳನ್ನು ಗಾಳಿಯಲ್ಲಿ ಹಿಡಿದುಕೊಂಡೇ ಬಂದು ಕುರ್ಚಿಯ ಅಂಚಿನಲ್ಲಿ ಕೂತಳು, ಆಮೇಲೆ ಹಿಂದಕ್ಕೆ ಸರಿದು ಪೂರ್ತಿ ಕೂತಳು.

ಮೊದಲು ಬಂದವನು ಗುರುತಿನವನೇ, ದಪ್ಪ ಕುತ್ತಿಗೆಯ ಗೋದಾಮಿನ ಮೇಸ್ತ್ರಿ. ಕೆಟ್ಟವನಲ್ಲ, ಆದರೆ ತೂಕದ ಮನುಷ್ಯ, ಕೈ ಭಾರ. ಕುರ್ಚಿಯಲ್ಲಿ ಕಿಲಕಿಲನನ್ನು ನೋಡಿ, 'ಓಹೋ, ಇವತ್ತು ಸರ್ಕಾರ ಬದಲಾಗಿದೆ' ಎಂದು ನಕ್ಕು ಮುಂದೆ ಹೆಜ್ಜೆ ಇಟ್ಟ. ಕಿಲಕಿಲ ಕಾಲು ಚಾಚಿ ದಾರಿಗೆ ಅಡ್ಡ ಇಟ್ಟಳು. 'ಬೂಟು' ಎಂದಳು. ಅವನು ಮತ್ತೂ ನಕ್ಕ. ಅವಳೂ ನಗುತ್ತಾಳೆ ಎಂದು ಕಾದ. ಇಷ್ಟು ದಿನ ಯಾರು ನಕ್ಕರೂ ಜೊತೆಗೆ ನಕ್ಕ ಹೆಂಗಸು ಈಗ ಅವನ ಪಾದಗಳನ್ನೇ ನೋಡುತ್ತಾ ಕೈ ಚಾಚಿದ್ದಳು. ಒಳಕೋಣೆಯ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದ ಸಿಡುಕಿಗೆ ತಾನು ಅಷ್ಟು ಹೊತ್ತು ಉಸಿರು ಬಿಗಿಹಿಡಿದದ್ದು ಗೊತ್ತಾದದ್ದು ಅವನು ಗೊಣಗುತ್ತಾ ಬಗ್ಗಿದ ಮೇಲೆಯೇ.

ಕೋಣೆಯೊಳಗೆ ಕಪಾಟಿನ ಕೆಳಗೆ ಬಾಟಲಿ ಇತ್ತು. ಗಿರಾಕಿ ಒಳಗೆ ಬರುವ ಮೊದಲು ಎರಡು ಗುಟುಕು, ಅದು ಅವಳ ನಿಯಮ. ಅದಾದ ಮೇಲೆ ಕೋಣೆ ಸ್ವಲ್ಪ ದೂರ ಸರಿಯುತ್ತದೆ, ಮೈ ಯಾರದೋ ಅನ್ನಿಸುತ್ತದೆ, ಹೊತ್ತು ಹೇಗೋ ಕಳೆಯುತ್ತದೆ. ಇವತ್ತು ಬಗ್ಗಿ ಅದನ್ನು ಎತ್ತಿದಳು, ಮುಚ್ಚಳದ ಮೇಲೆ ಬೆರಳಿಟ್ಟಳು, ಮತ್ತೆ ಅಲ್ಲೇ ಇಟ್ಟಳು. ಬಿಟ್ಟೆ ಎಂದಲ್ಲ. ನಾಳೆ ಕುಡಿದಾಳು, ಸಂಜೆಗೇ ಕುಡಿದಾಳು. ಅದಕ್ಕೆ ಯಾರಪ್ಪಣೆಯೂ ಬೇಕಿಲ್ಲ. ಆದರೆ ಆ ಮಧ್ಯಾಹ್ನ ಕಿಲಕಿಲ ಈ ಹಾಸಿಗೆಯ ಮೇಲಿಂದ ಹೊರಗಿನ ಹೆಜ್ಜೆಯ ಸದ್ದಿಗೆ ಹೇಗೆ ಕಿವಿಗೊಟ್ಟಿದ್ದಳು ಎಂಬುದು ಅವಳಿಗೆ ತಿಳಿಯಬೇಕಿತ್ತು, ಅದನ್ನು ಮಂಜಿನಲ್ಲಿ ಕೂತು ತಿಳಿಯಲಾಗುವುದಿಲ್ಲ. ಎಲ್ಲವೂ ಹತ್ತಿರ ಬಂದವು. ಹಾಸಿಗೆಯ ಹೂವುಗಳು, ಹೂವಿನ ನಡುವೆ ಎಷ್ಟು ತೊಳೆದರೂ ಹೋಗದ ಒಂದು ಕಂದು ಕಲೆ, ಗೋಡೆಗೆ ಒರಗಿದ ತಲೆಗಳು ಬಿಟ್ಟ ಎಣ್ಣೆಜಿಡ್ಡು, ಕೆಳಗಿನ ಯಂತ್ರದ ಒಂದೊಂದು ಬಡಿತವೂ ಅಂಗಾಲಿಗೆ. ಹೆದರಿಕೆಯಾಯಿತು. ಈ ಕೆಲಸದಲ್ಲಿ ಇಷ್ಟು ವರ್ಷವಾದ ಮೇಲೆ, ಹೊಸದಾಗಿ ಬಂದವಳಿಗೆ ಆಗುವಂಥ ಹೆದರಿಕೆ. ಇದು ಇಷ್ಟು ದಿನ ಎಲ್ಲಿತ್ತು ಎಂದುಕೊಂಡಳು. ಮೈ ತನ್ನದೇ ಆಗಿತ್ತು, ಉದ್ದಕ್ಕೂ, ಕಾಲ ಬೆರಳಿನವರೆಗೂ.

ಹೊಸ್ತಿಲಿಗೆ ಮತ್ತೆ ಬಂದು, ಮೇಸ್ತ್ರಿಯನ್ನು ಒಳಗೆ ಬಿಟ್ಟು, ಕಿಲಕಿಲನಿಗೆ ಹೇಳಿದಳು, 'ಕೆಮ್ಮೋದು ಗಿಮ್ಮೋದು ನನ್ನ ಕೈಲಾಗಲ್ಲ. ಏನಾದ್ರೂ ಆದ್ರೆ ಕೂಗ್ತೀನಿ. ಪ್ರೆಸ್ಸಿನವರಿಗೂ ಕೇಳ್ಲಿ, ಬೀದಿಗೂ ಕೇಳ್ಲಿ. ತಡ ಮಾಡಿದ್ರೆ ನೋಡು, ಉಳಿದ ಹಲ್ಲು ನಾನೇ ಉದುರಿಸ್ತೀನಿ.'

'ಕುಡಿದು ಕೂತಿದ್ರೆ ತಾನೇ ತಡ ಆಗೋದು' ಎಂದಳು ಕಿಲಕಿಲ, ಮೇಸ್ತ್ರಿಯ ಬೂಟುಗಳನ್ನು ಮಡಿಲಿಗೆ ಎಳೆದುಕೊಂಡು.

ನೇರ ಬಂದು ತಾಕಿತು. ತಾಕಲಿ ಎಂದು ಸಿಡುಕಿ ಒಂದು ಕ್ಷಣ ಅಲ್ಲೇ ನಿಂತಳು. ಇಂಥ ಮಾತನ್ನು ಇನ್ನು ಮೇಲೆ ಆಗಾಗ ಕೇಳಬೇಕಾಗುತ್ತದೆ, ಕೇಳುತ್ತೇನೆ, ನಾನೂ ಸುಮ್ಮನಿರುವುದಿಲ್ಲ. ಒಳಗೆ ಮೇಸ್ತ್ರಿ ಬರಿಗಾಲಲ್ಲಿ, ಬೆರಳುಗಳನ್ನು ಮಡಿಚಿಕೊಂಡು, ಹಾಸಿಗೆಯ ಅಂಚಿನಲ್ಲಿ ಕೂತಿದ್ದ. ಅವಳು ಬರಿಗೈಯಲ್ಲಿ ಬಂದದ್ದನ್ನು ನೋಡಿ, 'ಏನು, ಇವತ್ತು ಎಣ್ಣೆ ಇಲ್ವಾ?' ಎಂದ.

'ಇಲ್ಲ.'

'ನಿನ್ನ ಕಣ್ಣು ಯಾಕೋ ಬೇರೆ ಥರ ಇದೆ ಇವತ್ತು.' ಅವನಿಗೆ ಸ್ವಲ್ಪ ಇರುಸುಮುರುಸಾದ ಹಾಗಿತ್ತು. 'ಸರಿ, ಬಾಗಿಲು ಹಾಕು.'

'ಹಾಗೇ ಇರಲಿ' ಎಂದಳು ಸಿಡುಕಿ. 'ಹೊರಗೆ ನಮ್ಮವಳು ಕೂತಿದ್ದಾಳೆ.'